ಮೈ ಪ್ಲಸ್ಸಿನ ಕಾರು

ನಮ್ಮ ಮನೆಯ ಕಾರಿನ ಮೈ ಪ್ಲಸ್ಸು. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಾರಿನ ಮೈಗೆ ಬಿಗಿದಿರುತ್ತಾರೆ. ಅರವತ್ತು ವರ್ಷ ದಾಟಿದ ನಮ್ಮ ಕಾರಿನಲ್ಲಿ ಅದು ತಿರುಗುಮುರುಗು, ಪ್ಲಸ್ ತಂತಿ ಮೈಗೆ. ನನ್ನ ಯಜಮಾನರು ಬದುಕಿದ್ದ ತನಕ ಬಾನೆಟ್ ಎತ್ತಿದಾಗಲೆಲ್ಲ ಹೇಳುತ್ತಿದ್ದರು, "ಮೈ ಪ್ಲಸ್ಸು, ನೆನಪಿರಲಿ," ಊಟಕ್ಕೆ ಮೊದಲು ಕೈ ತೊಳೀರಿ ಎನ್ನುವ ಹಾಗೆ. ನಾನು ಕಾಲೇಜಿನಲ್ಲಿ ಇತಿಹಾಸ ಓದಿದವಳು, ಸ್ಪ್ಯಾನರು ಹಿಡಿದವಳಲ್ಲ. ಆದರೂ ನಲವತ್ತು ವರ್ಷ ಕಿವಿಗೆ ಬಿದ್ದ ಮಾತು ಎಲ್ಲಿ ಹೋಗುತ್ತದೆ?

ಮಗನ ಕಿವಿಗೆ ಅದು ಬೀಳಲಿಲ್ಲ. ಅದಕ್ಕೆ ಅವನಿಗೊಂದು ಕಾರಣವಿತ್ತು. ಹನ್ನೊಂದು ವರ್ಷದವನಿದ್ದಾಗ ಅಪ್ಪನಿಗೆ ಸಹಾಯ ಮಾಡುತ್ತೇನೆಂದು ಶೆಡ್ಡಿಗೆ ಹೋಗಿ ಹೆಡ್‌ಲೈಟಿನ ಗಾಜು ಕೈಜಾರಿ ಬೀಳಿಸಿದ. ಯಜಮಾನರು ಬೆಲ್ಟು ಬಿಚ್ಚಿದರು. ಆಮೇಲೆ ಅಡಿಗೆಮನೆಯಲ್ಲಿ ಅವನ ಬೆನ್ನಿಗೆ ಮುಲಾಮು ಸವರುತ್ತ ನಾನು, "ನೀನು ಮಾಡಿದ್ದೇ ಸರಿ ಮಗ, ಅಪ್ಪಂದೇ ತಪ್ಪು" ಎಂದೆ. ಗಾಜು ಒಡೆಯುವುದರಲ್ಲಿ ಸರಿ ಏನಿದೆ? ಆದರೆ ಬಿಕ್ಕುವ ಮಗುವಿನ ಮುಂದೆ ಬೇರೆ ಮಾತು ಹೊಳೆಯಲಿಲ್ಲ. ಹೊಳೆದ ಆ ಒಂದು ಮಾತು ನನ್ನ ನಾಲಗೆಯ ಮೇಲೇ ಮನೆ ಮಾಡಿತು. ಶಾಲೆಯಲ್ಲಿ ಜೊತೆಯವನ ಹಲ್ಲು ಉದುರಿಸಿ ಬಂದಾಗ ಅದನ್ನೇ ಹೇಳಿದೆ. ಮೇಲಧಿಕಾರಿಯ ಕಾಲರ್ ಹಿಡಿದು ಕೆಲಸ ಕಳೆದುಕೊಂಡಾಗಲೂ ಅದನ್ನೇ. ಮದುವೆಯಾದ ಎರಡನೇ ತಿಂಗಳು ಸೊಸೆಯ ಕೆನ್ನೆಯ ಮೇಲೆ ಐದು ಬೆರಳು ಮೂಡಿದ ದಿನವೂ, ಅವಳು ಕೇಳುವಷ್ಟು ಹತ್ತಿರದಲ್ಲಿಯೇ ಇದ್ದಾಗ, ಹೇಳಿದೆ.

ಸೊಸೆ ಅವನ ಜೊತೆ ಕಾರಿನ ಆಕ್ಸೆಸರೀಸ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದವಳು. ಸೀಟ್ ಕವರು, ಹಾರ್ನು, ಸ್ಟೀರಿಯೊ ಕೂರಿಸುವುದನ್ನು ಅವಳಿಗೆ ಕಲಿಸಿದವನು ಅವನೇ. ಕಲಿತದ್ದು ಅವನಿಗಿಂತ ಹೆಚ್ಚಾಯಿತು, ಗ್ರಹಚಾರ. ಯಜಮಾನರು ಹಾಸಿಗೆ ಹಿಡಿದ ವರ್ಷ, ಕಾರು ನಿಂತಲ್ಲೇ ಸಾಯಬಾರದೆಂದು ಅವಳು ವಾರಕ್ಕೊಮ್ಮೆ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದಳು. ಮಲಗಿದ ಕೋಣೆಗೆ ಆ ಸದ್ದು ಕೇಳಲೆಂದು ಶೆಡ್ಡಿನ ಕಿಟಕಿಯನ್ನೂ ತೆರೆದಿಡುತ್ತಿದ್ದಳು. ಆ ಮನುಷ್ಯ, ಹೆಂಡತಿಗೆ ಒಂದು ಹೂ ತಂದುಕೊಟ್ಟವರಲ್ಲ, ಕಾರಿನ ಕಾಗದಪತ್ರವನ್ನೆಲ್ಲ ಸೊಸೆಯ ಹೆಸರಿಗೆ ಮಾಡಿಸಿ ಕಣ್ಣು ಮುಚ್ಚಿದರು. ಆ ವಾರವೇ ಮಗ ಅವಳ ದವಡೆ ಮುರಿದ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, "ಮೆಟ್ಟಿಲಲ್ಲಿ ಜಾರಿದಳು" ಎಂದು ಹೇಳಿದವಳು ನಾನು. ಅವಳಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲವಲ್ಲ.

ಅದಾದ ಮೇಲೆ ಮಗ ಬೇರೆ ಊರಿನ ಅಂಗಡಿಯೊಂದರಲ್ಲಿ ಕೆಲಸ ಹಿಡಿದು ಹೋದ. ನಾವಿಬ್ಬರು ಉಳಿದೆವು. ಅಲ್ಲ, ಮೂವರು. ಸೊಸೆ ಕಾರಿಗೆ 'ದೊಡ್ಡತ್ತೆ' ಎಂದು ಹೆಸರಿಟ್ಟಿದ್ದಳು. "ನನಗೆ ಇಬ್ಬರು ಅತ್ತೆಯರು. ಒಬ್ಬರು ಪೆಟ್ರೋಲು ಕುಡೀತಾರೆ, ಒಬ್ಬರು ಕಾಫಿ. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮೋದು ಇಬ್ಬರೂ ಒಂದೇ ಥರ" ಎನ್ನುತ್ತಿದ್ದಳು.

ಆ ದಿನ ಸಂಜೆ ನಾಲ್ಕಕ್ಕೆ ಹಳೆ ಕಾರುಗಳ ಪ್ರದರ್ಶನವಿತ್ತು. ಮೂರು ತಿಂಗಳು ಕೂತು ಅವಳು ಕಾರಿನ ವೈರಿಂಗನ್ನೆಲ್ಲ ಹೊಸದಾಗಿ ಎಳೆದಿದ್ದಳು. ಮುಂದಿನ ಬಂಪರಿಗೆ ಮಂಜಿನಲ್ಲಿ ದಾರಿ ತೋರುವ ಎರಡು ಮಂಜುದೀಪ, ಮಡ್‌ಗಾರ್ಡಿನ ಮೇಲೆ ಎರಡು ದುಂಡು ಕನ್ನಡಿ, ಹಿಂದೆ ಮಡಚುವ ಲಗೇಜು ಕ್ಯಾರಿಯರು, ಎಲ್ಲ ಆ ಕಾಲದವೇ, ಹುಡುಕಿ ತಂದು ಉಜ್ಜಿದವು. ಪ್ರದರ್ಶನದವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಕಾರಿನ ಚಿತ್ರದ ಕೆಳಗೆ 'ಜೋಡಣೆ' ಎಂದು ಅವಳ ಹೆಸರಿತ್ತು. ಅಲ್ಲಿ ನಾಲ್ಕು ಜನ ನೋಡಿ ಮೆಚ್ಚಿದರೆ ತಮ್ಮ ಕಾರುಗಳನ್ನು ತರುತ್ತಾರೆ, ಶೆಡ್ಡಿಗೊಂದು ಬೋರ್ಡು ಹಾಕಬಹುದು, ಇನ್ನೊಬ್ಬರ ಅಂಗಡಿಯಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅವಳ ಆಸೆ ಅಷ್ಟೇ, ಆದರೆ ಅವಳಿಗಿದ್ದದ್ದೂ ಅದೊಂದೇ.

ಕೆಲಸಕ್ಕೆ ಕೂರುವ ಮೊದಲು ಬ್ಯಾಟರಿ ಬಿಚ್ಚಿ ಮೂಲೆಯ ಹಲಗೆಯ ಮೇಲಿಡುವುದು ಅವಳ ಕ್ರಮ. ಕಾರಿನ ಕೀ ನನ್ನ ಕನ್ನಡಕದ ಡಬ್ಬಿಯಲ್ಲಿ. ನನಗೆಂದು ಬಾಗಿಲ ಬಳಿ, ಎಣ್ಣೆ ವಾಸನೆ ಬಾರದ ಕಡೆ, ಒಂದು ಕುರ್ಚಿ ಹಾಕಿದ್ದಳು. ಸಿಮೆಂಟಿನ ಥಂಡಿ ನನ್ನ ಕಾಲಿಗೆ ಹತ್ತದಿರಲೆಂದು ಕೆಳಗೆ ರಟ್ಟು ಹಾಸಿದ್ದಳು. ಹತ್ತು ಗಂಟೆಯ ಹೊತ್ತಿಗೆ ಉಳಿದದ್ದು ಒಂದೇ ಕೆಲಸ, ಡ್ರೈವರ್ ಸೀಟಿನ ಕೆಳಗೆ ಬೆಂಕಿ ಆರಿಸುವ ಪುಟ್ಟ ಸಿಲಿಂಡರನ್ನು ಕೂರಿಸುವುದು.

"ಇದು ಇಲ್ಲದಿದ್ರೆ ಒಳಗೆ ಬಿಡಲ್ವಂತೆ ಅತ್ತೆ" ಎಂದಳು, ಕಾರಿನೊಳಗಿಂದ ತಲೆ ಹೊರಗೆ ಹಾಕಿ. "ಹಳೆ ಕಾರಿನ ಹತ್ರ ಹೋಗೋದಂದ್ರೆ ಹಳೆ ಬಾಂಬಿನ ಹತ್ರ ಹೋದ ಹಾಗೆ ಅಂತಾರೆ."

"ಹಳೆ ಅತ್ತೆ ಹತ್ರ ಹೋಗೋವಾಗ್ಲೂ ಒಂದು ಇಟ್ಕೋ" ಎಂದೆ.

ಅವಳು ನಕ್ಕಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಮಗ ತೆಳ್ಳಗಾಗಿದ್ದ. ಕೈಯಲ್ಲಿ ಆ ಪುಸ್ತಕವಿತ್ತು, ಸುರುಳಿ ಸುತ್ತಿ ಕೋಲಿನ ಹಾಗೆ ಹಿಡಿದಿದ್ದ. ನನ್ನನ್ನು ದಾಟಿ ಒಳಗೆ ಬಂದು ಕಾರನ್ನು ಒಂದು ಸುತ್ತು ಹಾಕಿದ. ಮಂಜುದೀಪದ ಗಾಜಿನ ಮೇಲೆ ಬೆರಳು ಎಳೆದ. ಅದರ ಕೆಲಸ ಎಷ್ಟು ಚೆನ್ನಾಗಿದೆಯೆಂದು ಅವನಿಗೆ ಗೊತ್ತಾಯಿತು. ಮುಖ ನೋಡಿದ ನನಗೆ ಅದೇ ಹೆದರಿಕೆ ಹುಟ್ಟಿಸಿತು.

"ಚೆನ್ನಾಗಿ ಮಾಡಿದೀಯ" ಎಂದ.

ಸೊಸೆ ಕಾರಿನಿಂದ ಇಳಿದು ನಿಂತಳು, ಸಿಲಿಂಡರು ಕೈಯಲ್ಲೇ ಇತ್ತು. "ಏನು ಬೇಕಿತ್ತು?"

"ಅಂಗಡೀಲಿ ಎಲ್ಲರೂ ಓದಿದ್ರು. ನಿನ್ನ ಹೆಂಡ್ತಿಗೆ ಕೆಲಸ ಕಲಿಸಿದ್ಯೋ, ಅಪ್ಪನ ಆಸ್ತಿನೇ ಬರೆದುಕೊಟ್ಯೋ ಅಂತ ಕೇಳಿದ್ರು. ನಾನೇನು ಹೇಳ್ಬೇಕು?"

"ಕಲಿಸಿದ್ದು ನಾನೇ ಅಂತ ಹೇಳ್ಬೇಕಿತ್ತು. ನಿಜ ತಾನೆ."

ಆ ಮಾತನ್ನು ಅವಳು ವ್ಯಂಗ್ಯಕ್ಕೆ ಆಡಲಿಲ್ಲ. ಅವನಿಗೆ ಒಂದು ಮರ್ಯಾದೆ ಉಳಿಯಲೆಂದೇ ಆಡಿದ್ದು, ನಾನು ಬಲ್ಲೆ. ಅವನು ಸುರುಳಿಯಿಂದ ಅವಳ ಬಾಯಿಗೆ ಬಾರಿಸಿದ. ಅವಳು ಹಿಂದೆ ಸರಿಯುವಷ್ಟರಲ್ಲಿ ಸಿಲಿಂಡರು ಕಿತ್ತುಕೊಂಡು ಅದರ ತಳದಿಂದ ಭುಜಕ್ಕೆ ಹೊಡೆದ. ಹಸಿ ಕಟ್ಟಿಗೆ ಮುರಿದಂಥ ಸದ್ದು. ಅವಳು ಮಡ್‌ಗಾರ್ಡಿನ ಮೇಲೆ ಬಿದ್ದಳು, ಹೊಸ ಕನ್ನಡಿಗೆ ಹಣೆ ತಾಗಿ ಕನ್ನಡಿ ಒಡೆಯಿತು. ಸಿಲಿಂಡರನ್ನು ಅವನು ಎಸೆದ. ಅದು ಉರುಳಿ ಬೆಂಚಿನ ಕೆಳಗೆ ಸೇರಿತು.

"ಅಪ್ಪನ ಕಾರು ನಂದು. ಕೀ ಎಲ್ಲಿ?"

"ನನ್ನ ಹತ್ರ ಇಲ್ಲ."

ನಾನು ಎದ್ದು ನಿಂತಿದ್ದೆ. "ಬಿಡೋ, ಬಿಡೋ ಅವಳನ್ನ" ಎಂದೆ. ಅವನ ತೋಳು ಹಿಡಿದೆ. ಅವನು ಕೊಡವಿದ. ಬೇಕೆಂದೇ ತಳ್ಳಲಿಲ್ಲ, ನೊಣ ಓಡಿಸುವ ಹಾಗೆ ಕೊಡವಿದ. ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

ಬಾನೆಟ್ ತೆರೆದಿತ್ತು. ಅವನು ಅವಳ ಬಲಗೈ ಮಣಿಕಟ್ಟು ಹಿಡಿದು ಎಳೆದು ಬೆರಳುಗಳನ್ನು ಅದರ ಕೆಳಗಿನ ಅಂಚಿಗಿಟ್ಟ. ಆ ಕಾಲದ ತಗಡು, ಒಂದು ಕೈಯಲ್ಲಿ ಎತ್ತಲು ಕಷ್ಟವಾಗುವಷ್ಟು ಭಾರ.

"ಕೀ."

"ಇಲ್ಲ ಅಂದ್ನಲ್ಲ."

ಬಾನೆಟ್ ಬಿತ್ತು. ಅವಳು ಕೂಗಲಿಲ್ಲ. ಒಳಕ್ಕೆ ಉಸಿರೆಳೆದುಕೊಂಡ ಸದ್ದು ಮಾತ್ರ ಬಂತು, ಎಳೆದ ಉಸಿರು ಹೊರಗೆ ಬರಲೇ ಇಲ್ಲ. ಅವನು ಎತ್ತಿದ, ಬೆರಳುಗಳನ್ನು ಮತ್ತೆ ಅದೇ ಜಾಗಕ್ಕೆ ಸರಿಯಾಗಿ ಕೂರಿಸಿದ, ಬೋಲ್ಟು ತೂತಿಗೆ ಹೊಂದಿಸುವವನ ಹಾಗೆ. ಎರಡನೇ ಸಲ ಬೀಳಿಸಿ ಮೇಲೆ ಕೈಯೂರಿ ಒತ್ತಿದ.

"ಅಮ್ಮ, ನಿನ್ನ ಹತ್ರ ಇದೆಯಾ?"

ನಾನು ಕನ್ನಡಕದ ಡಬ್ಬಿ ತೆರೆದೆ.

"ಕೊಡ್ಬೇಡಿ ಅತ್ತೆ" ಎಂದಳು ಸೊಸೆ. ಕೈ ಇನ್ನೂ ಒಳಗಿತ್ತು.

ನಾನು ಕೊಟ್ಟೆ. ಬಾನೆಟ್ ಮೇಲೆ ಹೋಯಿತು, ಅವಳು ನೆಲಕ್ಕೆ ಕುಸಿದಳು. ಮೂರು ಬೆರಳು ಯಾವ ಯಾವ ದಿಕ್ಕಿಗೋ ತಿರುಗಿದ್ದವು.

ಅವನು ಕಾರಿನಲ್ಲಿ ಕೂತು ಕೀ ತಿರುಗಿಸಿದ. ಏನೂ ಆಗಲಿಲ್ಲ. ಇಳಿದು ಬಂದ, ಮೂಲೆಯಲ್ಲಿದ್ದ ಬ್ಯಾಟರಿ ಕಂಡ. ಎತ್ತಿ ತಂದು ಬಾನೆಟ್ಟಿನೊಳಗೆ ಅದರ ತಟ್ಟೆಯಲ್ಲಿಟ್ಟ. ಕಾರಿನ ಮೈಗೆ ಬಿಗಿದಿದ್ದ, ಹೆಣೆದ ತಂತಿಯ ಪಟ್ಟಿಯನ್ನು ಹಿಡಿದು, ದಿನಕ್ಕೆ ಹತ್ತು ಕಾರಿಗೆ ಮಾಡುವ ಕೈಯಿಂದ, ನೋಡದೆಯೇ ಮೈನಸ್ ಗೂಟದ ಕಡೆಗೆ ತಂದ.

ಬ್ಯಾಟರಿಯ ಎರಡು ಗೂಟ ಒಂದೇ ಗಾತ್ರವಲ್ಲ. ಪ್ಲಸ್ಸು ದಪ್ಪ, ಮೈನಸ್ಸು ಸಣ್ಣ. ತಂತಿಗಳ ತುದಿಯ ಹಿಡಿಕೆಗಳೂ ಹಾಗೆಯೇ, ತಪ್ಪಾಗದಿರಲಿ ಎಂದು. ನಮ್ಮ ಕಾರಿನ ಮೈಪಟ್ಟಿಗೆ ದಪ್ಪ ಹಿಡಿಕೆ. ಅದು ಸಣ್ಣ ಗೂಟದ ಮೇಲೆ ಲೊಡಲೊಡನೆ ಅಲುಗಾಡಿತು. ಅವನು ಒಂದು ತಗಡಿನ ಚೂರು ಮಡಚಿ ಸಂದಿಗೆ ತುರುಕಿದ. ಇನ್ನೊಂದು ಹಿಡಿಕೆ ದಪ್ಪ ಗೂಟಕ್ಕೆ ಇಳಿಯಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಅದರ ಬಾಯಿ ಅಗಲಿಸಿದ. ಆಗಲೂ ಇಳಿಯಲಿಲ್ಲ. ಸುತ್ತಿಗೆ ತೆಗೆದುಕೊಂಡ.

"ಉಲ್ಟಾ ಆಗ್ತಿದೆ" ಎಂದಳು ಸೊಸೆ ನೆಲದಿಂದ. ತುಟಿ ಒಡೆದು ಮಾತು ತೊದಲಿತು. "ಇದರ ಮೈ ಪ್ಲಸ್ಸು. ಸುಟ್ಟುಹೋಗುತ್ತೆ."

ಅಷ್ಟಾದ ಮೇಲೂ ಅವಳು ಹೇಳಿದಳು. ಕಾರಿಗಾಗಿ ಹೇಳಿದಳೋ ಅವನಿಗಾಗಿಯೋ ನಾನು ಕೇಳಿಲ್ಲ. ಅವನು ತಿರುಗಿ ಅವಳ ಪಕ್ಕೆಗೆ ಬೂಟಿನಿಂದ ಒದ್ದ. "ನೀನು ನಂಗೆ ಹೇಳಿಕೊಡ್ತೀಯಾ? ನೀನು?" ಇನ್ನೊಮ್ಮೆ ಒದ್ದ.

ಆಮೇಲೆ ನಿಂತ. ಸುತ್ತಿಗೆ ಹಿಡಿದ ಕೈ ಇಳಿಬಿಟ್ಟ. ಹನ್ನೊಂದು ವರ್ಷದ ಮುಖ ಒಂದು ಕ್ಷಣ ಬಂದು ಹೋಯಿತು.

"ಅಮ್ಮ, ಅಪ್ಪ ಏನೋ ಹೇಳ್ತಿದ್ರಲ್ಲ. ಇದು ಸರಿ ತಾನೆ?"

ಸೊಸೆ ನನ್ನನ್ನು ನೋಡುತ್ತಿದ್ದಳು. ಹೊಸ ವೈರುಗಳು, ಕೆಂಪು, ಹಳದಿ, ನೀಲಿ, ಬಟ್ಟೆ ಸುತ್ತಿದವು, ಒಂದೊಂದನ್ನೂ ಅವಳು ಜಡೆ ಹಾಕುವ ಹಾಗೆ ಕಟ್ಟಿದ್ದು ನನಗೆ ಕಾಣುತ್ತಿತ್ತು. ನಿಜ ಹೇಳಿದರೆ ಅವನು ಸರಿಯಾಗಿ ಜೋಡಿಸಿಕೊಂಡು ಹೋಗುತ್ತಾನೆ, ಕಾರು ಮತ್ತೆ ಈ ಗೇಟು ಕಾಣುವುದಿಲ್ಲ. ಹೇಳದಿದ್ದರೆ ವೈರು ಹೋಗುತ್ತದೆ. ಗೇಟು ದಾಟುವ ಮೊದಲೇ ಹೊಗೆ ಬಂದು ನಿಲ್ಲುತ್ತದೆ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

"ನೀನು ಮಾಡಿದ್ದೇ ಸರಿ ಮಗ" ಎಂದೆ.

ಅವನು ತಲೆಯಾಡಿಸಿದ, ಸಮಾಧಾನದಿಂದ. ಸುತ್ತಿಗೆ ಎತ್ತಿ ಮೂರು ಪೆಟ್ಟು ಹಾಕಿದ. ಹಿಡಿಕೆ ಕೂತಿತು. ಬಾನೆಟ್ ಮುಚ್ಚಿ ಕಾರು ಹತ್ತಿದ.

ಎಂಜಿನ್ ಮೊದಲ ಸಲಕ್ಕೇ ಹತ್ತಿತು, ಅವಳು ಅಷ್ಟು ಚೆನ್ನಾಗಿ ಸಿದ್ಧ ಮಾಡಿದ್ದಳು. ಮೆಲ್ಲಗೆ ಓಡುವಾಗ ಏನೂ ಆಗುವುದಿಲ್ಲ. ಎಂಜಿನ್ ಜೋರಾದಾಗ ಡೈನಮೊ ಬ್ಯಾಟರಿಗೆ ವಿದ್ಯುತ್ತು ಕೊಡಲು ಹೊರಡುತ್ತದೆ, ಉಲ್ಟಾ ಜೋಡಿಸಿದ್ದರೆ ಕೈ ಹಿಡಿಯಬೇಕಾದವರಿಬ್ಬರು ಕುತ್ತಿಗೆ ಹಿಡಿಯುತ್ತಾರೆ. ಇದೂ ಯಜಮಾನರ ಮಾತೇ. ಗೇಟಿನಾಚೆ ನಮ್ಮ ಬೀದಿ ಇಳಿಜಾರು. ಅವನು ಗೇಟಿನ ತನಕ ಮೆಲ್ಲಗೆ ಹೋದ, ಬೀದಿಗಿಳಿದ ಮೇಲೆ ಅಬ್ಬರಿಸಿದ.

ಎದುರು ಮನೆಯ ಟೈಲರ್ ಅಂಗಡಿ ದಾಟುವಷ್ಟರಲ್ಲಿ ಕಾರಿನೊಳಗೆಲ್ಲ ಬಿಳಿ ಹೊಗೆ ತುಂಬಿತು. ಮುಂದಿನ ಗಾಜು ಕಾಣದೆ ಹೋಯಿತು. ಕಾರು ಬಲಕ್ಕೆ ಹೊರಳಿ ಕಾಂಪೌಂಡು ಗೋಡೆಗೆ ಬಲವಾಗಿ ಗುದ್ದಿತು, ಅವನ ಬದಿಯ ಬಾಗಿಲು ಗೋಡೆಗೆ ಅಂಟಿಕೊಂಡಿತು. ಸ್ಟೀರಿಂಗಿನ ಕೆಳಗಿನಿಂದ ಬೆಂಕಿಯ ನಾಲಗೆ ಮೇಲೆದ್ದಿತು.

ನನಗೆ ಎಪ್ಪತ್ತೊಂದು ವರ್ಷ, ಮಂಡಿ ಎರಡೂ ಹೋಗಿವೆ. ಹೇಗೆ ಓಡಿದೆನೋ ಗೊತ್ತಿಲ್ಲ. ಈಚೆ ಬದಿಯ ಬಾಗಿಲ ಹಿಡಿ ಆಗಲೇ ಬಿಸಿಯಾಗಿತ್ತು. ತೆರೆದೆ. ಅವನು ಎರಡೂ ಕೈಗಳಿಂದ ಉರಿಯುವ ವೈರುಗಳನ್ನು ಕಿತ್ತೆಳೆಯುತ್ತಿದ್ದ, ಕರಗಿದ ರಬ್ಬರು ಅಂಗೈಗೆ ಅಂಟಿ ಅಂಗೈಯೇ ಉರಿಯುತ್ತಿತ್ತು. ಅಂಗಿಯ ತೋಳಿಗೂ ಹತ್ತಿತ್ತು. ಅವನು "ಅಮ್ಮ" ಎಂದು ಕಿರುಚುತ್ತಿದ್ದ. ನಾನು ಅವನ ಕಾಲರ್ ಹಿಡಿದು ಎಳೆದೆ. ಬರಲಿಲ್ಲ. ಕೂದಲು ಹಿಡಿದು ಎಳೆದೆ. ಹುಟ್ಟುವಾಗಲೂ ಹೀಗೆಯೇ ತಲೆ ಮುಂದಾಗಿ ಕಷ್ಟ ಕೊಟ್ಟೇ ಬಂದವನು. ಈಗಲೂ ಹಾಗೆಯೇ ನನ್ನ ಮೇಲೆ ಬಂದು ಬಿದ್ದ.

ಟೈಲರು ಕತ್ತಿನಲ್ಲಿ ಟೇಪಿನ ಸಮೇತ ಓಡಿ ಬಂದಿದ್ದರು. ಕೈಯಲ್ಲಿ ಗಿರಾಕಿಯೊಬ್ಬರ ಉಣ್ಣೆಯ ಕೋಟು, ಗುಂಡಿ ಹಾಕುವುದೊಂದೇ ಬಾಕಿ ಇದ್ದದ್ದು. ಹಿಂದೆ ಮುಂದೆ ನೋಡದೆ ಅದನ್ನು ಮಗನ ಕೈಗಳಿಗೆ ಸುತ್ತಿ ಮೇಲೆ ಕೂತು ಅದುಮಿದರು.

ಅಷ್ಟರಲ್ಲಿ ನನ್ನ ಹಿಂದಿನಿಂದ ಬುಸ್ಸೆಂದು ಸದ್ದು. ಸೊಸೆ. ಬೆಂಚಿನ ಕೆಳಗೆ ಉರುಳಿದ್ದ ಸಿಲಿಂಡರನ್ನು ಎಡಗೈಯಲ್ಲಿ ಹಿಡಿದು, ಪಿನ್ನನ್ನು ಹಲ್ಲಿನಿಂದ ಕಿತ್ತು ಬಂದಿದ್ದಳು. ಬಲಗೈ ಎದೆಗೆ ಅವಚಿಕೊಂಡಿತ್ತು, ಮುಖದ ತುಂಬ ರಕ್ತ. ಮೊದಲು ಸ್ಟೀರಿಂಗಿನ ಕೆಳಗೆ, ಆಮೇಲೆ ಬಾನೆಟ್ಟಿನ ಸಂದಿಯಿಂದ, ಅವಸರವಿಲ್ಲದೆ, ಗಿಡಕ್ಕೆ ನೀರು ಹಾಕುವ ಹಾಗೆ ಬಿಳಿ ಪುಡಿ ಊದಿದಳು. ಬೆಂಕಿ ಸತ್ತ ಮೇಲೂ ಸಿಲಿಂಡರು ಬರಿದಾಗುವ ತನಕ ಊದಿದಳು. ಆಮೇಲೆ ಮಗನ ಹತ್ತಿರ ಬಂದು ನಿಂತು ನೋಡಿದಳು. ಬರಿದಾದ ಸಿಲಿಂಡರು ಇನ್ನೂ ಕೈಯಲ್ಲಿತ್ತು, ಅವನ ತಲೆ ಅವಳ ಕಾಲ ಬಳಿ ಇತ್ತು. ಅವಳು ಸಿಲಿಂಡರನ್ನು ಪಕ್ಕದ ಗೋಡೆಯ ಮೇಲೆ, ಉರುಳದ ಹಾಗೆ ನೋಡಿ, ಇಟ್ಟಳು.

"ಕೋಟು ತೆಗೀಬೇಡಿ ಟೈಲರಣ್ಣ, ಚರ್ಮ ಅಂಟಿಕೊಂಡಿರುತ್ತೆ" ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವರು. ಸೊಸೆ ಕತ್ತು ತಿರುಗಿಸುವುದು ಬೇಡವೆಂದು ತಮ್ಮ ಸ್ಟೂಲನ್ನೇ ಎತ್ತಿಕೊಂಡು ಅವಳ ಎಡಬದಿಗೆ ಬಂದು ಕೂತರು. "ಹೇಗಾಯ್ತು?" ಎಂದು ಕೇಳಿದರು. ಅವಳು ಅಭ್ಯಾಸಬಲದಿಂದ ನನ್ನ ಕಡೆ ನೋಡಿದಳು. ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ.

"ನನ್ನ ಮಗ ಮಾಡಿದ್ದು" ಎಂದೆ. "ಕೈ ಬಾನೆಟ್ಟಿಗೆ ಇಟ್ಟು ಒತ್ತಿದ, ಎರಡು ಸಲ. ಭುಜಕ್ಕೆ ಸಿಲಿಂಡರಲ್ಲಿ ಹೊಡೆದ. ಪಕ್ಕೆಗೆ ಒದ್ದ. ಎರಡು ವರ್ಷದ ಹಿಂದೆ ಮೆಟ್ಟಿಲು ಜಾರಿ ದವಡೆ ಮುರೀತು ಅಂತ ಇಲ್ಲೇ ಬರೆಸಿದ್ದೆ. ಅದೂ ಅವನೇ. ಅದನ್ನೂ ತಿದ್ದಿ ಬರೀರಿ."

ಡಾಕ್ಟರು ಪೆನ್ನು ಎತ್ತಿಕೊಂಡರು. ಪೊಲೀಸಿನವರು ಬಂದಾಗ ಅದನ್ನೇ ಮತ್ತೆ ಹೇಳಿದೆ. ಬ್ಯಾಟರಿಯ ವಿಷಯವನ್ನೂ ಬಿಡಲಿಲ್ಲ. ಕಾನ್‌ಸ್ಟೇಬಲ್ಲಿಗೆ ಪ್ಲಸ್ಸು ಮೈನಸ್ಸು ತಲೆಗೆ ಹೋಗಲಿಲ್ಲ. "ಒಟ್ಟು ನೀವು ಸುಮ್ನಿದ್ರಿ ಅಂತ ಬರ್ಕೋತೀನಿ ಅಮ್ಮ" ಎಂದ.

"ಸುಮ್ನಿರಲಿಲ್ಲ, ಸರಿ ಅಂದೆ. ಹಾಗೆ ಬರ್ಕೊಳ್ಳಿ" ಎಂದೆ. ಬರೆದುಕೊಂಡ.

ಕಾಯುವ ಬೆಂಚಿನಲ್ಲಿ ಟೈಲರು ಕಾಫಿ ತಂದು ಕೊಟ್ಟರು. ಅವರ ಕೈಗೂ ಗುಳ್ಳೆ ಎದ್ದಿದ್ದವು.

"ಗಿರಾಕಿಗೆ ಏನು ಹೇಳ್ತೀರಿ?" ಎಂದು ಕೇಳಿದೆ.

"ಇಲಿ ಕಡೀತು ಅಂತೀನಿ ಅಕ್ಕಾ."

"ಇಡೀ ಕೋಟಾ?"

"ದೊಡ್ಡ ಇಲಿ."

ಸೊಸೆಯ ಕೈಗೆ ಪ್ಲಾಸ್ಟರು ಹಾಕಿ ಹೊರಗೆ ಕರೆತಂದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಇಬ್ಬರೂ ಅದನ್ನು ನೋಡಿದೆವು. "ನೀವು ಪೊಲೀಸರಿಗೆ ಹೇಳಿದ್ದು ಕೇಳಿಸ್ತು ಅತ್ತೆ" ಎಂದಳು ಅವಳು.

"ಕಾರು ಹೋಯ್ತಲ್ಲೇ, ನಿನ್ನ ಕಾರು."

"ವೈರು ಹೋಗಿದೆ. ಮೂತಿ ಹೋಗಿದೆ. ಕಾರು ಹೋಗಿಲ್ಲ." ಊದಿದ ತುಟಿಯಲ್ಲಿ ಅವಳಿಗೆ ಮಾತು ನಿಧಾನ. "ಮೂರು ತಿಂಗಳ ಕೆಲಸ ಅತ್ತೆ. ನಂಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಈಗ ಮಾತಾಡಲ್ಲ. ಮನೆಗೆ ಹೋದ್ಮೇಲೆ ಬೈತೀನಿ."

"ಬೈ" ಎಂದೆ. ಅವಳು ಎಡಗೈಯಿಂದ ನನ್ನ ಕನ್ನಡಕದ ಮೇಲಿನ ಮಸಿ ಒರೆಸಿದಳು.

ಮೂರನೆಯ ದಿನ ಮಗನನ್ನು ನೋಡಲು ಬಿಟ್ಟರು. ವಾರ್ಡಿನ ಬಾಗಿಲಲ್ಲಿ ಪೊಲೀಸಿನವನು ನನಗೆ ತನ್ನ ಕುರ್ಚಿಯನ್ನೇ ಒಳಗೆ ತಂದುಕೊಟ್ಟ. ಮಗನ ಎರಡು ಕೈಗಳೂ ಬ್ಯಾಂಡೇಜಿನಲ್ಲಿ ದಿಂಬಿನಷ್ಟು ದಪ್ಪವಾಗಿದ್ದವು. ಬೆರಳು ಎಷ್ಟು ಉಳಿಯುತ್ತವೆಂದು ಇನ್ನೂ ಹೇಳಲಾಗದು ಎಂದಿದ್ದರು. ನಾನು ಹಾಲಿನಲ್ಲಿ ಬ್ರೆಡ್ಡು ನೆನೆಸಿ ಚಮಚ ಎತ್ತಿದೆ.

"ಅಮ್ಮ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಸರಿ ಅಂದೆ?"

"ನಿನಗೆ ಯಾವತ್ತು ತಪ್ಪು ಅಂದಿದೀನಿ ಹೇಳು" ಎಂದೆ. "ಅನ್ನಬೇಕಿತ್ತು. ಇದೇ ಬಾಯಲ್ಲಿ, ನೀನು ಚಿಕ್ಕವನಿದ್ದಾಗಲೇ ಅನ್ನಬೇಕಿತ್ತು. ಈಗ ಹೇಳ್ತೀನಿ, ಕೇಳು. ಅವಳ ಮೇಲೆ ನೀನು ಎತ್ತಿದ ಒಂದೊಂದು ಕೈಯೂ ತಪ್ಪು. ಕೋರ್ಟಿನಲ್ಲೂ ಅದನ್ನೇ ಹೇಳ್ತೀನಿ."

ಕೈ ಆಡದಿದ್ದರೂ ಅವನಿಗೆ ಕಾಲಿತ್ತು. ಒದ್ದ ರಭಸಕ್ಕೆ ಬಟ್ಟಲು ಹಾರಿ ಗೋಡೆಗೆ ಬಡಿಯಿತು, ಹಾಲು ನನ್ನ ಮಡಿಲ ತುಂಬ ಚೆಲ್ಲಿತು. ಪೊಲೀಸಿನವನು ಒಳಗೆ ಬಂದು ನಿಂತ. ನರ್ಸು ನೆಲ ಒರೆಸಿದಳು, ನನ್ನ ಮಡಿಲಿಗೆ ಟವೆಲ್ಲು ಹಾಕಿದಳು, ಇನ್ನೊಂದು ಬಟ್ಟಲು ಹಾಲು ತಂದು ನನ್ನ ಕೈಗೆ ಕೊಡಲು ಬಂದಳು.

ಅವನು ಮುಖ ಗೋಡೆಯ ಕಡೆ ಹಾಕಿದ್ದ. ಬೆನ್ನಿನ ಮೇಲೆ ಅಂಗಿ ಇರಲಿಲ್ಲ. ಬೆಲ್ಟಿನ ಹಳೆಯ ಗೆರೆಗಳು, ನಾನು ಮುಲಾಮು ಸವರಿದವು, ಎಲ್ಲಿದ್ದವೋ ಅಲ್ಲೇ ಇದ್ದವು.

"ನೀವೇ ಕುಡಿಸ್ತೀರಾ?" ಎಂದು ನರ್ಸಿಗೆ ಹೇಳಿದೆ. "ಬಿಸಿ ಸ್ವಲ್ಪ ಆರಲಿ. ಬಿಸಿ ಅವನಿಗೆ ಆಗಲ್ಲ."

ಕೆಳಗೆ ಸೊಸೆ ಕಾಯುತ್ತಿದ್ದಳು. ಕಂಕುಳಲ್ಲಿ ಹೊಸ ವೈರಿನ ಸುರುಳಿ, ಇನ್ನೂ ಕಾಗದ ಬಿಚ್ಚದ್ದು. ನನ್ನ ಒದ್ದೆ ಬಟ್ಟೆ ನೋಡಿದಳು. ಸುರುಳಿಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಇಳಿಯುವಾಗ ತನ್ನ ಎಡ ಮೊಣಕೈಯನ್ನು ನನ್ನ ಕಡೆ ಚಾಚಿದಳು.

"ಬಲಗೈ ಬರೋಕೆ ಎರಡು ತಿಂಗಳಂತೆ" ಎಂದಳು. "ಅಲ್ಲೀವರೆಗೂ ಸ್ಪ್ಯಾನರು ನೀವೇ ಹಿಡೀಬೇಕು."